ಸಿಟ್ಟಿಗೆ ಸಲ್ಲಬೇಕಾದ ಉತ್ತರ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ನೂಲಿನೊಡನೆ ಇರುವ ನಂಟು ಇಂದು ನಿನ್ನೆಯದಲ್ಲ. ಸಿರುಮುಗೈ, ನೆಗಮಂ ಮೊದಲಾದ ಕೈಮಗ್ಗದ ಊರುಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿರುವ ದೇವಾಂಗ ಕುಟುಂಬಗಳು ತಲೆಮಾರುಗಳಿಂದ ನೇಯ್ಗೆಯನ್ನೇ ನಂಬಿ ಬಾಳಿದವು. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಅವರು ಕೊಯಮತ್ತೂರಿನಲ್ಲಿ ಮೊದಲ ನೂಲಿನ ಗಿರಣಿಯನ್ನು ಆರಂಭಿಸಿದರು. 1930ರ ದಶಕದಲ್ಲಿ ನೀಲಗಿರಿಯ ಪೈಕಾರದಿಂದ ಜಲವಿದ್ಯುತ್ತು ಇಳಿದು ಬಂದ ಮೇಲೆ ಗಿರಣಿಗಳು ಒಂದರ ಹಿಂದೊಂದು ಎದ್ದು, ಊರಿಗೆ ದಕ್ಷಿಣ ಭಾರತದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತು. ಮಗ್ಗದ ಮನೆಯ ಮಕ್ಕಳು ಗಿರಣಿಗೆ ಹೋದರು. ಗಿರಣಿಯವರ ಮಕ್ಕಳು ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೋದರು. ಮೊಮ್ಮಕ್ಕಳು ಸರವಣಂಪಟ್ಟಿಯ ಮತ್ತು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕುಳಿತಿದ್ದಾರೆ. ಮೂರು ತಲೆಮಾರುಗಳಲ್ಲಿ ಕೆಲಸದ ರೂಪ ಬದಲಾಯಿತು. ಕೆಲಸ ಹೋದ ದಿನ ಮನೆಯೊಳಗೆ ಹೊಗೆಯಾಡುವ ಸಿಟ್ಟು ಮಾತ್ರ ಅಂದಿನಂತೆಯೇ ಇದೆ.

ಆ ಸಿಟ್ಟನ್ನು ಕುರಿತು ಕೆಲವು ಮಾತುಗಳನ್ನು ಓದುಗ ಬಂಧುಗಳ ಮುಂದಿಡಬೇಕೆಂದು ನಮ್ಮ ಆಸೆ. ಕೆಲಸ ಕಳೆದುಕೊಂಡವನು ಒಡೆಯರ ಮೇಲೆ, ಆಡಳಿತದ ಹಿರಿಯರ ಮೇಲೆ ಮುನಿಯುವುದು ನ್ಯಾಯವೇ? ನ್ಯಾಯವಾದರೆ ಆ ಮುನಿಸಿಗೆ ಎಲ್ಲೆ ಯಾವುದು? ಒಡೆಯರಾದವರು ಅದಕ್ಕೆ ಪ್ರತಿಯಾಗಿ ಕೊಡಬೇಕಾದುದು ಏನು?

ಈ ಪ್ರಶ್ನೆಗಳಿಗೆ ಎರಡು ಸುಲಭದ ಉತ್ತರಗಳು ಬಳಕೆಯಲ್ಲಿವೆ. ಕ್ರೋಧವು ಅರಿಷಡ್ವರ್ಗಗಳಲ್ಲಿ ಒಂದು. ಆದುದರಿಂದ ನುಂಗಿಕೊಳ್ಳಬೇಕು, ಹಣೆಯಲ್ಲಿ ಬರೆದುದು ತಪ್ಪದು ಎಂಬುದು ಒಂದು. ಒಡೆಯರೆಲ್ಲರೂ ರಕ್ತ ಹೀರುವವರು. ಆದುದರಿಂದ ಅವರ ಮೇಲಿನ ಎಂಥ ಸಿಟ್ಟೂ ಸರಿಯೇ ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳುವವರು ಬಹುಮಟ್ಟಿಗೆ ಕೆಲಸ ಉಳಿಸಿಕೊಂಡವರು. ಎರಡನೆಯದನ್ನು ಹೇಳುವವರು ಅದರ ಫಲವನ್ನು ತಾವು ಉಣ್ಣಬೇಕಾಗಿಲ್ಲದವರು. ಎರಡರಿಂದಲೂ ಮನೆಯಲ್ಲಿ ಕುಳಿತವನಿಗೆ ದಾರಿ ಕಾಣುವುದಿಲ್ಲ.

ಮೊದಲು ಈ ಸಿಟ್ಟು ಎಂಥದು ಎಂದು ನೋಡೋಣ. ಮಳೆ ಕೈಕೊಟ್ಟು ಬೆಳೆ ಒಣಗಿದಾಗ ರೈತನು ಅಳುತ್ತಾನೆ, ಸಾಲಕ್ಕೆ ಅಂಜುತ್ತಾನೆ. ಆದರೆ ಮೋಡದ ಮೇಲೆ ಹಗೆ ಸಾಧಿಸುವುದಿಲ್ಲ. ಕೆಲಸದಿಂದ ತೆಗೆಯಲ್ಪಟ್ಟವನ ಸಂಕಟ ಬೇರೆ ಬಗೆಯದು. ಅಲ್ಲಿ ಯಾರೋ ಒಬ್ಬರು ಕುಳಿತು ಯೋಚಿಸಿ, ಪಟ್ಟಿ ಬರೆದು, ಅದರಲ್ಲಿ ಇವನ ಹೆಸರನ್ನು ಸೇರಿಸಿದ್ದಾರೆ. ತೀರ್ಮಾನವೆಂದ ಮೇಲೆ ಅದಕ್ಕೊಂದು ಕಾರಣವಿರಬೇಕು. ಕಾರಣವಿದ್ದರೆ ಅದನ್ನು ಕೇಳಬಹುದು. “ನನ್ನನ್ನೇ ಏಕೆ? ಇಪ್ಪತ್ತು ವರ್ಷ ದುಡಿದುದಕ್ಕೆ ಬೆಲೆ ಏನು? ನಷ್ಟವಾಯಿತೆಂದರೆ ಅದರಲ್ಲಿ ನಿಮ್ಮ ಪಾಲೆಷ್ಟು?” ಸಿಟ್ಟಿನ ಒಳಗೆ ಈ ಪ್ರಶ್ನೆಗಳಿವೆ. ಉತ್ತರ ಬಾರದೆ ಹೋದಾಗ ಪ್ರಶ್ನೆ ಗಟ್ಟಿದನಿಯಾಗುತ್ತದೆ; ಆಗಲೂ ಬಾರದಿದ್ದರೆ ಅದು ಮೌನವಾಗಿ ಒಳಗೆ ಕೊಳೆಯತೊಡಗುತ್ತದೆ.

ಶಾಲೆಯಲ್ಲಿ ಪಾಠ ಹೇಳಿದವರಿಗೆಲ್ಲ ಇದು ಬೇರೊಂದು ರೂಪದಲ್ಲಿ ಪರಿಚಿತ. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಹುಡುಗನಿಗೆ ತಿದ್ದಿದ ಉತ್ತರ ಪತ್ರಿಕೆಯನ್ನು ಕೈಗೆ ಕೊಟ್ಟು, ಅಂಕ ಕಳೆದುದು ಎಲ್ಲಿ ಎಂದು ತೋರಿಸಿದರೆ ಅವನು ಅತ್ತರೂ ಒಪ್ಪಿಕೊಳ್ಳುತ್ತಾನೆ. ಪತ್ರಿಕೆಯನ್ನು ತೋರಿಸದೆ ಅಂಕವನ್ನಷ್ಟೇ ಓದಿ ಹೇಳಿದರೆ, ಆ ಅಂಕ ನ್ಯಾಯವಾದುದೇ ಆಗಿದ್ದರೂ ಅವನು ಗುರುಗಳನ್ನು ನಂಬುವುದಿಲ್ಲ. ತೀರ್ಪು ಸರಿಯಾಗಿರುವುದು ಒಂದು ಮಾತು. ತೀರ್ಪನ್ನು ಹೊರುವವನಿಗೆ ಅದರ ಲೆಕ್ಕವನ್ನು ಒಪ್ಪಿಸುವುದು ಇನ್ನೊಂದು ಮಾತು. ಮೊದಲನೆಯದು ಎರಡನೆಯದಕ್ಕೆ ಬದಲಿಯಾಗಲಾರದು.

ಗಮಕಿಗಳಿಂದ ಭಾರತವನ್ನು ಕೇಳುತ್ತ ಬೆಳೆದ ನಮಗೆ ಇದು ಹೊಸ ವಿಚಾರವೇನೂ ಅಲ್ಲ. ದ್ಯೂತಸಭೆಗೆ ಎಳೆದು ತಂದ ದ್ರೌಪದಿಯು ಮೊದಲು ಶಾಪ ಕೊಡಲಿಲ್ಲ, ಪ್ರಶ್ನೆ ಕೇಳಿದಳು. ಧರ್ಮರಾಯನು ತನ್ನನ್ನು ತಾನು ಸೋತ ಮೇಲೆ ನನ್ನನ್ನು ಪಣಕ್ಕಿಡಲು ಅವನಿಗೆ ಅಧಿಕಾರವೆಲ್ಲಿತ್ತು ಎಂಬುದು ಅವಳ ಪ್ರಶ್ನೆ. ಭೀಷ್ಮರಂಥವರೂ ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ಸುಮ್ಮನಾದರು. ವಿದುರನೂ ವಿಕರ್ಣನೂ ಬಾಯಿ ತೆರೆದರೆ ಅವರ ಮಾತು ನಡೆಯಲಿಲ್ಲ. ಅಷ್ಟು ಹಿರಿಯರು ಕುಳಿತಿದ್ದ ಸಭೆ ಅವಳ ಪ್ರಶ್ನೆಗೆ ಉತ್ತರ ಕೊಟ್ಟಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿತ್ತೋ ಏನೋ. ಉತ್ತರ ಕೊಡದ ಸಭೆಯ ಸಾಲವನ್ನು ಕುರುಕ್ಷೇತ್ರವು ತೀರಿಸಬೇಕಾಯಿತು.

ನಮ್ಮ ದೇಶದ ಕಾನೂನೂ ಈ ಪ್ರಶ್ನೆಯನ್ನು ಗೌರವಿಸಿದೆ. 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಸೇರಿಸಿದ ನಿಯಮಗಳ ಪ್ರಕಾರ, ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನನ್ನು ಹೆಚ್ಚುವರಿಯೆಂದು ಕೆಲಸದಿಂದ ತೆಗೆಯಬೇಕಾದರೆ ಒಂದು ತಿಂಗಳ ಮುಂಚೆ ಬರೆಹದಲ್ಲಿ ತಿಳಿಸಬೇಕಿತ್ತು, ಇಲ್ಲವೇ ಅಷ್ಟು ಸಂಬಳ ಕೊಡಬೇಕಿತ್ತು; ಪೂರೈಸಿದ ಪ್ರತಿ ವರ್ಷಕ್ಕೂ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಸಲ್ಲಿಸಬೇಕಿತ್ತು. ಸಾಮಾನ್ಯವಾಗಿ ಕೊನೆಗೆ ಬಂದವನು ಮೊದಲು ಹೋಗಬೇಕಿತ್ತು. ಮತ್ತೆ ಆಳು ಬೇಕಾದಾಗ ತೆಗೆದವರನ್ನೇ ಮೊದಲು ಕರೆಯಬೇಕಿತ್ತು. ಆ ತಿಳಿವಳಿಕೆ ಪತ್ರದಲ್ಲಿ ತೆಗೆಯುವುದಕ್ಕೆ ಕಾರಣವನ್ನೂ ಬರೆದಿರಬೇಕಿತ್ತು ಎಂಬುದು ನಮ್ಮ ದೃಷ್ಟಿಯಲ್ಲಿ ಬಹಳ ಮುಖ್ಯವಾದ ಮಾತು. ಹಣದ ಪರಿಹಾರವೊಂದೇ ಸಾಲದು, ಕಾರಣವೂ ಅವನ ಹಕ್ಕು ಎಂದು ಆ ಕಾಯಿದೆ ಬರೆದವರು ಬಲ್ಲವರಾಗಿದ್ದರು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ಸರ್ಕಾರದ ಮುನ್ನೊಪ್ಪಿಗೆ ಬೇಕಾಗುವ ಕಾರ್ಖಾನೆಯ ಗಾತ್ರ 100 ಕಾರ್ಮಿಕರಿಂದ 300ಕ್ಕೆ ಏರಿದೆ. ಕಾರಣ ಹೇಳಬೇಕೆಂಬ ನಿಯಮ ಮಾತ್ರ ಅದರಲ್ಲಿಯೂ ಉಳಿದಿದೆ.

ಆದರೆ ನಮ್ಮ ಎರಡು ಜಿಲ್ಲೆಗಳ ಅನುಭವವು ಈ ಅಕ್ಷರಗಳಿಂದ ಬಹುದೂರದಲ್ಲಿದೆ. ಮೂರು ಉದಾಹರಣೆಗಳನ್ನು ನೋಡಬಹುದು.

ಮೊದಲನೆಯದು ಒಡೆಯನ ಮುಖವೇ ಕಾಣದ ಗಿರಣಿಗಳದು. 1968ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಜವಳಿ ನಿಗಮವು ನಷ್ಟದಲ್ಲಿದ್ದ ಗಿರಣಿಗಳನ್ನು ವಹಿಸಿಕೊಂಡಿತು; 1974ರ ಕಾಯಿದೆಯಿಂದ ನೂರಕ್ಕೂ ಮೀರಿದ ಗಿರಣಿಗಳು ರಾಷ್ಟ್ರದ ಸೊತ್ತಾದವು. ನಮ್ಮ ಊರಿನ ಪಂಕಜಾ, ಮುರುಗನ್, ಕಾಂಬೋಡಿಯಾ, ರಂಗವಿಲಾಸ್ ಗಿರಣಿಗಳೂ, ಸ್ಟೇನ್ಸ್ ಅವರ ಆ ಮೊದಲ ಗಿರಣಿಯೂ ಅದರ ಕೈಗೆ ಬಂದವು. 2020ರ ಮಾರ್ಚ್ ತಿಂಗಳ ಲಾಕ್‌ಡೌನಿನಲ್ಲಿ ನಿಂತ ಯಂತ್ರಗಳು ಆಮೇಲೆ ಹಿಂದಿನಂತೆ ನಡೆಯಲೇ ಇಲ್ಲ. ಕಾರ್ಮಿಕರನ್ನು ತೆಗೆದರೆಂದೂ ಅಲ್ಲ, ಇಟ್ಟುಕೊಂಡರೆಂದೂ ಅಲ್ಲ. ಅರೆ ಸಂಬಳದ ಮೇಲೆ ಕಾಯಿಸಿದರು. ಗಿರಣಿ ತೆರೆಯುವುದೋ ಮುಚ್ಚುವುದೋ ಎಂಬ ಒಂದು ಮಾತಿಗಾಗಿ ಅವರು ಬಾಗಿಲಲ್ಲಿ ನಿಂತು ಕೂಗಬೇಕಾಯಿತು. ಮುಚ್ಚುತ್ತೇವೆ ಎಂಬ ಕಹಿ ಮಾತಿಗಿಂತ ಏನನ್ನೂ ಹೇಳದ ಮೌನ ಮನುಷ್ಯನನ್ನು ಹೆಚ್ಚು ಕುಗ್ಗಿಸುತ್ತದೆ. ಅವನಿಗೆ ಬೇರೆ ದಾರಿ ಹುಡುಕುವ ಸ್ವಾತಂತ್ರ್ಯವನ್ನೂ ಅದು ಕೊಡುವುದಿಲ್ಲ.

ಎರಡನೆಯದು ನ್ಯಾಯವಾದ ತೀರ್ಮಾನವೊಂದರದು. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳು ಬಿಟ್ಟ ನೀರಿನಿಂದ ನೊಯ್ಯಲ್ ನದಿ ಕೆಟ್ಟು, ಒರತ್ತುಪಾಳ್ಯಂ ಅಣೆಕಟ್ಟಿನ ಕೆಳಗಿನ ರೈತರ ಹೊಲಗಳು ಹಾಳಾದವು. 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ 700ಕ್ಕೂ ಹೆಚ್ಚು ಬಣ್ಣದ ಘಟಕಗಳು ಮುಚ್ಚಿದವು. ರೈತರ ಪಾಲಿಗೆ ಅದು ಬಹುಕಾಲ ತಡವಾಗಿ ಬಂದ ನ್ಯಾಯ. ಆದರೆ ಬಣ್ಣದ ತೊಟ್ಟಿಯ ಬಳಿ ನಿಂತು ಕೈ ಸುಟ್ಟುಕೊಂಡ ಆಳಿಗೆ ಕೊಳಚೆ ನೀರನ್ನು ಎಲ್ಲಿ ಬಿಡಬೇಕೆಂದು ತೀರ್ಮಾನಿಸುವ ಅಧಿಕಾರವಿರಲಿಲ್ಲ. ಲಾಭದ ವರ್ಷಗಳಲ್ಲಿ ಶುದ್ಧೀಕರಣದ ಖರ್ಚನ್ನು ಉಳಿಸಿದವರ ತಪ್ಪಿಗೆ ಅವನು ಕೂಲಿ ಕಳೆದುಕೊಂಡ. ಅವನ ಸಿಟ್ಟು ನ್ಯಾಯಾಲಯದ ಮೇಲೂ ಅಲ್ಲ, ರೈತನ ಮೇಲೂ ಅಲ್ಲ. ತನ್ನನ್ನು ಒಂದು ಮಾತೂ ಕೇಳದೆ ತನ್ನ ಬದುಕನ್ನು ಪಣಕ್ಕಿಟ್ಟವರ ಮೇಲೆ.

ಮೂರನೆಯದು ಇತ್ತೀಚಿನದು. 2025ರ ಆಗಸ್ಟ್ 27ರಿಂದ ಅಮೆರಿಕವು ಭಾರತದ ಸರಕುಗಳ ಮೇಲಿನ ಸುಂಕವನ್ನು 50 ಪ್ರತಿಶತಕ್ಕೆ ಏರಿಸಿದಾಗ ತಿರುಪ್ಪೂರಿನ ಅನೇಕ ಕಂಪನಿಗಳಿಗೆ ಆರ್ಡರುಗಳು ನಿಂತವು. ಇಲ್ಲಿ ಓವರ್‌ಲಾಕ್ ಯಂತ್ರದಲ್ಲಿ, ಪವರ್ ಟೇಬಲಿನಲ್ಲಿ, ಚೆಕಿಂಗಿನಲ್ಲಿ ದುಡಿಯುವವರಲ್ಲಿ ಬಹುಮಂದಿಗೆ ಕೂಲಿ ಪೀಸ್ ಲೆಕ್ಕದಲ್ಲಿ, ಇಲ್ಲವೇ ಶಿಫ್ಟ್ ಲೆಕ್ಕದಲ್ಲಿ. ಅಂಥವರನ್ನು ತೆಗೆಯಲು ಪತ್ರ ಬೇಕಾಗಿಲ್ಲ. “ನಾಳೆ ಕೆಲಸವಿಲ್ಲ, ಇದ್ದಾಗ ಹೇಳಿ ಕಳಿಸುತ್ತೇವೆ” ಎಂದು ಕಾಂಟ್ರಾಕ್ಟರು ಹೇಳಿದರೆ ಮುಗಿಯಿತು. ಅದೇ ವರ್ಷದ ಜುಲೈಯಲ್ಲಿ ಟಿಸಿಎಸ್ ಸಂಸ್ಥೆ ತನ್ನ ನೌಕರರಲ್ಲಿ ಸುಮಾರು 2 ಪ್ರತಿಶತ, ಅಂದರೆ 12,000ಕ್ಕೂ ಮೀರಿದ ಜನರನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಓದಿ ದೊಡ್ಡ ಸಂಬಳ ತರುವ ಮಕ್ಕಳಿಗೆ ಈ ಭಯವಿಲ್ಲವೆಂದು ನಂಬಿದ್ದ ನಮ್ಮ ಮನೆಗಳಿಗೂ ಅಂದು ಕಳವಳ ಹೊಕ್ಕಿತು.

ಇಲ್ಲಿ ಒಡೆಯರ ಪಕ್ಷದ ಮಾತನ್ನೂ ಕೇಳದಿದ್ದರೆ ನಾವು ನ್ಯಾಯ ಹೇಳಿದಂತಾಗುವುದಿಲ್ಲ. ತಿರುಪ್ಪೂರಿನ ಕಂಪನಿ ಒಡೆಯರಲ್ಲಿ ಎಷ್ಟೋ ಮಂದಿ ನಿನ್ನೆ ಮೊನ್ನೆ ತಾವೇ ಯಂತ್ರದ ಮುಂದೆ ಕುಳಿತವರು. ಇಂದು ಮನೆಪತ್ರವನ್ನು ಬ್ಯಾಂಕಿನಲ್ಲಿ ಇಟ್ಟವರು. ದೂರದ ದೇಶದ ಸುಂಕ, ಹತ್ತಿಯ ಬೆಲೆ, ವಿದ್ಯುತ್ತಿನ ದರ ಇವು ಯಾವುವೂ ಅವರ ಕೈಯಲ್ಲಿಲ್ಲ. ನಷ್ಟದಲ್ಲಿ ಕಂಪನಿಯನ್ನು ಎಂದೆಂದಿಗೂ ನಡೆಸುತ್ತಲೇ ಇರಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲ. ಕೆಲಸ ತೆಗೆಯುವುದೆಲ್ಲ ಪಾಪವೆಂದು ನಾವು ಹೇಳುತ್ತಿಲ್ಲ. ತೆಗೆಯಲೇಬೇಕಾದ ಒಡೆಯನಿಗೂ ಎದುರಿಗೆ ಬಂದು ನಿಲ್ಲುವ ಹೊಣೆಯಿದೆ ಎಂದಷ್ಟೇ ಹೇಳುತ್ತಿದ್ದೇವೆ. ಅವನ ಕಷ್ಟ ನಿಜವಾಗಿದ್ದರೆ ಅದನ್ನು ಕೇಳಿ ತಿಳಿಯುವಷ್ಟು ಬುದ್ಧಿ ಅವನ ಆಳುಗಳಿಗೂ ಇದೆ. ಕಷ್ಟವನ್ನು ಹೇಳುವ ಬದಲು ಮಾತಿಗೆ ಮುಸುಕು ಹಾಕುವುದು ಈಗ ರೂಢಿಯಾಗಿದೆ. ಬೇರೆ ದಾರಿಯಿಲ್ಲದೆ ಸಹಿ ಹಾಕಿದುದಕ್ಕೆ ಸ್ವಯಂ ನಿವೃತ್ತಿಯೆಂದು ಹೆಸರು. ಜನರನ್ನು ಹೊರಗೆ ಕಳಿಸುವುದಕ್ಕೆ ಪುನಾರಚನೆಯೆಂದು ಹೆಸರು. ಕೆಲಸ ಹೋದ ನೋವಿನ ಮೇಲೆ, ತನ್ನನ್ನು ಮೂಢನೆಂದು ತಿಳಿದರಲ್ಲ ಎಂಬ ಅವಮಾನವನ್ನೂ ಈ ಮಾತುಗಳು ಹೊರಿಸುತ್ತವೆ.

ನಮ್ಮಲ್ಲಿ ಕೆಲವರು ದೇವರ ದಾಸಿಮಯ್ಯನವರ ಕಥೆಯನ್ನು ನೆನಪಿಸಿ ತಾಳ್ಮೆಯನ್ನು ಬೋಧಿಸಬಹುದು. ಮುದನೂರಿನ ಆ ನೇಕಾರ ಶರಣರು ಬಹುಕಾಲ ಶ್ರಮಿಸಿ ನೇಯ್ದ ವಸ್ತ್ರವನ್ನು ಮುದುಕ ಜಂಗಮನ ವೇಷದಲ್ಲಿ ಬಂದ ಶಿವನು ಬೇಡಿ ಪಡೆದು, ಅವರ ಕಣ್ಣೆದುರಿಗೇ ಹರಿದು ಚೂರು ಮಾಡಿದನೆಂದೂ, ದಾಸಿಮಯ್ಯನವರು ಎಳ್ಳಷ್ಟೂ ಕೋಪಿಸಿಕೊಳ್ಳದೆ ನಿಂತರೆಂದೂ, ಶಿವನು ಮೆಚ್ಚಿ ತವನಿಧಿಯನ್ನು ಕೊಟ್ಟನೆಂದೂ ಕಥೆ. ಇದನ್ನು ನಾವು ಭಕ್ತಿಯಿಂದಲೇ ನೆನೆಯುತ್ತೇವೆ. ಆದರೆ ಅಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಆ ತಾಳ್ಮೆ ದಾಸಿಮಯ್ಯನವರು ತಾವಾಗಿ ಕೊಟ್ಟದ್ದು. ಬಟ್ಟೆ ಹರಿದವನು ಅದನ್ನು ಅವರಿಂದ ಕೇಳಲಿಲ್ಲ. ಇನ್ನು, ಹರಿದವನು ಅಲ್ಲಿಂದ ಓಡಿಹೋಗಲಿಲ್ಲ; ಎದುರಿಗೇ ನಿಂತನು, ತಾನು ಯಾರೆಂದು ತೋರಿಸಿದನು, ಕಳೆದುದನ್ನು ತುಂಬಿಕೊಟ್ಟನು. ತಾಳ್ಮೆಯು ದೊಡ್ಡ ಗುಣವೇ. ಅದನ್ನು ನೊಂದವನು ತನ್ನ ಮನಸ್ಸಿಗೆ ಹೇಳಿಕೊಳ್ಳಬಹುದು. ನೋಯಿಸಿದವನು ಅವನಿಗೆ ಉಪದೇಶಿಸಬಾರದು.

ಇಷ್ಟರಿಂದ ಸಿಟ್ಟಿಗೆ ಎಲ್ಲೆಯೇ ಇಲ್ಲವೆಂದು ಯಾರೂ ತಿಳಿಯಬಾರದು. ಆ ಎಲ್ಲೆಯನ್ನು ಮೀರಿದರೆ ಏನಾಗುತ್ತದೆಂಬುದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. 2009ರಲ್ಲಿ ಕೊಯಮತ್ತೂರಿನ ಪ್ರಿಕಾಲ್ ಕಾರ್ಖಾನೆಯಲ್ಲಿ ಕಾರ್ಮಿಕ ಸಂಘದ ಮಾನ್ಯತೆ ಮೊದಲಾದ ವಿಷಯಗಳಲ್ಲಿ ಬೆಳೆದಿದ್ದ ವಿವಾದದ ನಡುವೆ 42 ಮಂದಿಯನ್ನು ಕೆಲಸದಿಂದ ತೆಗೆಯಲಾಯಿತು. ಅದರ ಬೆನ್ನಲ್ಲೇ, ಸೆಪ್ಟೆಂಬರ್ 21ರಂದು, ಮಾನವ ಸಂಪನ್ಮೂಲ ವಿಭಾಗದ ಉಪಾಧ್ಯಕ್ಷರ ಮೇಲೆ ಕಾರ್ಖಾನೆಯೊಳಗೇ ಹಲ್ಲೆ ನಡೆದು, ಮರುದಿನ ಅವರು ತೀರಿಕೊಂಡರು. 2015ರಲ್ಲಿ ಕೊಯಮತ್ತೂರಿನ ನ್ಯಾಯಾಲಯವು ಎಂಟು ಮಂದಿ ಕಾರ್ಮಿಕರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2017ರಲ್ಲಿ ಉಚ್ಚ ನ್ಯಾಯಾಲಯವು ಅವರಲ್ಲಿ ಆರು ಮಂದಿಯನ್ನು ಬಿಡುಗಡೆ ಮಾಡಿ, ಇಬ್ಬರ ಶಿಕ್ಷೆಯನ್ನು ಎತ್ತಿಹಿಡಿಯಿತು. ಆ ಆರು ಮಂದಿಯೂ ಅಷ್ಟು ಕಾಲ ಸೆರೆಮನೆಯ ನೆರಳಿನಲ್ಲಿ ಬಾಳಬೇಕಾಯಿತೆಂಬುದನ್ನು ಮರೆಯುವಂತಿಲ್ಲ.

ಸತ್ತವರು ಕಾರ್ಖಾನೆಯ ಒಡೆಯರಲ್ಲ; ಅವರೂ ಸಂಬಳಕ್ಕೆ ದುಡಿಯುವವರು. ಮೇಲಿನವರ ತೀರ್ಮಾನವನ್ನು ಕೆಳಗಿನವರಿಗೆ ಮುಟ್ಟಿಸುವ ಜಾಗದಲ್ಲಿದ್ದವರು. ದೊಡ್ಡ ಸಂಸ್ಥೆಗಳಲ್ಲಿ ತೀರ್ಮಾನ ಮಾಡುವವರು ದೂರದಲ್ಲಿರುತ್ತಾರೆ. ಸಿಟ್ಟಿಗೆ ಸಿಗುವವನು ನಡುವೆ ನಿಂತವನು. ಗಿರಣಿಯ ಕಾಲದಲ್ಲಿ ಅವನು ಮೇಸ್ತ್ರಿಯಾಗಿದ್ದ, ಈಗ ಮ್ಯಾನೇಜರ್ ಆಗಿದ್ದಾನೆ. ತಕ್ಕ ವ್ಯಕ್ತಿಯ ಮೇಲೆ, ತಕ್ಕ ಪ್ರಮಾಣದಲ್ಲಿ, ತಕ್ಕ ಕಾಲದಲ್ಲಿ, ತಕ್ಕ ರೀತಿಯಲ್ಲಿ ಸಿಟ್ಟಾಗುವುದು ಎಲ್ಲರಿಗೂ ಸುಲಭವಲ್ಲವೆಂದು ಗ್ರೀಸಿನ ಅರಿಸ್ಟಾಟಲ್ ಬಹು ಹಿಂದೆಯೇ ಹೇಳಿದ್ದಾನೆ. ವನಪರ್ವದಲ್ಲಿ ದ್ರೌಪದಿಯು ಧರ್ಮರಾಯನಿಗೆ ಹೇಳುವ ಪ್ರಹ್ಲಾದ ಮತ್ತು ಬಲಿಯ ಸಂವಾದದ ಸಾರವೂ ಇದಕ್ಕೆ ಹತ್ತಿರವಾದುದೇ: ಸದಾ ಕೋಪವೂ ಒಳಿತಲ್ಲ, ಸದಾ ಕ್ಷಮೆಯೂ ಒಳಿತಲ್ಲ.

ಸಿಟ್ಟಿಗೂ ಹಗೆಗೂ ಇರುವ ಅಂತರ ಇಲ್ಲಿದೆಯೆಂದು ನಮ್ಮ ಭಾವನೆ. ಸಿಟ್ಟಾದವನು ಎದುರಿನವನನ್ನು ಇನ್ನೂ ಮಾತಿಗೆ ಕರೆಯುತ್ತಿರುತ್ತಾನೆ; ಅವನಿಂದ ಉತ್ತರವನ್ನು ಬಯಸುತ್ತಾನೆ, ಅಂದರೆ ಅವನಲ್ಲಿ ನ್ಯಾಯಬುದ್ಧಿ ಉಳಿದಿದೆಯೆಂದು ನಂಬಿರುತ್ತಾನೆ. ಹಗೆಯಾದವನಿಗೆ ಉತ್ತರ ಬೇಕಾಗಿಲ್ಲ. ಎದುರಿನವನು ನೋಯಬೇಕು, ಅಷ್ಟೇ. ಕೈ ಎತ್ತಿದ ಕ್ಷಣದಲ್ಲಿ ಪ್ರಶ್ನೆ ಸತ್ತುಹೋಗುತ್ತದೆ. ಆಮೇಲೆ ಲೋಕವು 42 ಮಂದಿಯನ್ನು ಏಕೆ ತೆಗೆದರೆಂದು ಕೇಳುವುದನ್ನು ಬಿಟ್ಟು, ಕೊಂದವರು ಯಾರೆಂದು ಕೇಳತೊಡಗುತ್ತದೆ. ಹಾಗೆ ಕೇಳುವುದು ಲೋಕಕ್ಕೆ ಸಹಜವೂ ಹೌದು.

ಪ್ರಶ್ನೆಯನ್ನು ಸಾಯಗೊಡದ ಸಿಟ್ಟಿಗೂ ನಮ್ಮ ಜವಳಿ ಗಿರಣಿಗಳ ಚರಿತ್ರೆಯಲ್ಲೇ ಉದಾಹರಣೆಯಿದೆ. 1918ರಲ್ಲಿ ಅಹಮದಾಬಾದಿನ ಗಿರಣಿಗಳಲ್ಲಿ ಪ್ಲೇಗಿನ ಕಾಲದ ಭತ್ಯೆಯನ್ನು ನಿಲ್ಲಿಸಿದಾಗ ಕಾರ್ಮಿಕರು 50 ಪ್ರತಿಶತ ಹೆಚ್ಚಳ ಕೇಳಿದರು. ಒಡೆಯರು 20 ಎಂದರು. ಗಾಂಧೀಜಿಯವರು ಲೆಕ್ಕಗಳನ್ನು ಪರಿಶೀಲಿಸಿ 35 ನ್ಯಾಯವೆಂದು ಹೇಳಿ, ಹಿಂಸೆ ಮಾಡುವುದಿಲ್ಲವೆಂದು ಕಾರ್ಮಿಕರಿಂದ ಮಾತು ಪಡೆದರು. ಒಡೆಯರ ಕಡೆಯ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಕಡೆ ನಿಂತವರು ಅವರ ಒಡಹುಟ್ಟಿದ ಅನಸೂಯಾ ಬೆಹೆನ್. ಮುಷ್ಕರವು ಗಾಂಧೀಜಿಯವರ ಉಪವಾಸದವರೆಗೂ ಹೋಗಿ, ಕೊನೆಗೆ ಪಂಚಾಯಿತಿಯಿಂದ 35 ಪ್ರತಿಶತವೇ ಸಂದಿತು. ಅಲ್ಲಿ ಸಿಟ್ಟು ಕಡಿಮೆಯಿರಲಿಲ್ಲ. ಆದರೆ ಎರಡು ಪಕ್ಷಗಳ ನಡುವಿನ ಮಾತಿನ ಬಾಗಿಲನ್ನು ಯಾರೂ ಮುಚ್ಚಲಿಲ್ಲ.

ಹಾಗಾದರೆ ಆಡಳಿತದ ಹಿರಿಯರು ಕೊಡಬೇಕಾದುದೇನು? ಕಾರಣವನ್ನು ತಿಳಿಯುವ ಭಾಷೆಯಲ್ಲಿ, ಎದುರಿಗೆ ನಿಂತು ಹೇಳುವುದು. ನಡುವಿನವನನ್ನು ಗುರಾಣಿಯಾಗಿ ಮುಂದೆ ಕಳಿಸದಿರುವುದು. ಬರಬೇಕಾದ ಹಣವನ್ನು ಅಲೆದಾಡಿಸದೆ ಸಲ್ಲಿಸುವುದು. ನಷ್ಟದ ಪಾಲನ್ನು ಮೊದಲು ತಮ್ಮ ಸಂಬಳದಲ್ಲಿ, ತಮ್ಮ ಲಾಭದಲ್ಲಿ ಹೊತ್ತು ತೋರಿಸುವುದು. ಬಸವಾದಿ ಶರಣರು ಕಾಯಕದ ಜೊತೆಗೆ ದಾಸೋಹವನ್ನು ಹೇಳಿದರು. ಗಳಿಕೆಯ ಕಾಲದಲ್ಲಿ ಕಾಯಕವನ್ನು ಮಾತ್ರ ನೆನೆದು, ದಾಸೋಹವನ್ನು ಮರೆತವನು ನಷ್ಟದ ಕಾಲದಲ್ಲಿ ನಾವೆಲ್ಲ ಒಂದೇ ಕುಟುಂಬವೆಂದರೆ ಯಾರೂ ನಂಬುವುದಿಲ್ಲ.

ನಮ್ಮಂಥ ಸಂಘದವರಿಗೂ ಇಲ್ಲೊಂದು ಕರ್ತವ್ಯವಿದೆ. ಕೆಲಸ ಹೋದವನು ಸಾಮಾನ್ಯವಾಗಿ ಸಂಘದ ಸಭೆಗೆ ಬರುವುದನ್ನು ಮೊದಲು ನಿಲ್ಲಿಸುತ್ತಾನೆ. ಬಂದರೆ ಎಲ್ಲಿ ಕೆಲಸವೆಂದು ಕೇಳುತ್ತಾರಲ್ಲ ಎಂಬ ಸಂಕೋಚ ಅವನಿಗೆ. ಅಂಥವರ ಮನೆಗೆ ನಾವೇ ಹೋಗಬೇಕು. ತಿಳಿವಳಿಕೆ ಪತ್ರವನ್ನು ಓದಿ ವಿವರಿಸಲು, ಭವಿಷ್ಯನಿಧಿಯ ಅರ್ಜಿ ಬರೆಯಲು, ಐದು ವರ್ಷ ದುಡಿದಿದ್ದರೆ ವರ್ಷಕ್ಕೆ 15 ದಿನಗಳ ವೇತನದಂತೆ ಬರಬೇಕಾದ ಗ್ರಾಚುಯಿಟಿಯನ್ನು ಲೆಕ್ಕ ಹಾಕಲು ನಮ್ಮಲ್ಲಿ ನಿವೃತ್ತ ಗುಮಾಸ್ತರಿದ್ದಾರೆ, ವಕೀಲರಿದ್ದಾರೆ, ಉಪಾಧ್ಯಾಯರಿದ್ದಾರೆ. ಅದೇ ಸಂಘದಲ್ಲಿ ಆಳು ಇಟ್ಟುಕೊಂಡ ಒಡೆಯರೂ, ಪಟ್ಟಿ ಬರೆಯುವ ಅಧಿಕಾರಿಗಳೂ ಇದ್ದಾರೆ. ಅವರು ನಮ್ಮವರೆಂಬ ಕಾರಣಕ್ಕೆ ಅವರನ್ನು ಪ್ರಶ್ನೆಯಿಂದ ಬಿಡಬಾರದು. ಅವರೂ ಇವರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಊರಿನಲ್ಲಿ ಎದುರು ಕುಳಿತು ಮಾತನಾಡುವುದು ಅಸಾಧ್ಯವಾಗಬಾರದು.

ಕೆಲಸ ಕಳೆದುಕೊಂಡವನನ್ನು ಕುರಿತು ಸಿಟ್ಟಾಗಬೇಡವೆಂದು ನಾವು ಹೇಳಲಾರೆವು. ಅವನ ಸಿಟ್ಟಿನೊಳಗಿನ ಪ್ರಶ್ನೆ ಹಗೆಯಾಗಿ ಕೆಡುವುದಕ್ಕೆ ಮುಂಚೆ ಅದಕ್ಕೆ ಉತ್ತರ ಸಲ್ಲಬೇಕು. ಆ ಉತ್ತರವು ಕಹಿಯಾಗಿದ್ದರೂ ಸರಿ, ಹೋದ ಕೆಲಸವನ್ನು ತಂದುಕೊಡದಿದ್ದರೂ ಸರಿ. ಅದನ್ನು ಕೇಳಿದವನು ಅಂದು ರಾತ್ರಿ ತನ್ನ ಮಕ್ಕಳಿಗೆ, ಹೀಗಾಗಿ ಕೆಲಸ ಹೋಯಿತು, ನನ್ನ ತಪ್ಪಿನಿಂದ ಅಲ್ಲ ಎಂದು ತಲೆಯೆತ್ತಿ ಹೇಳಬಹುದು.